ಸಂಜಿ ಎಣಿಕಿ

ಮುಂಜಾನೆ ಏಳಕ್ಕ ಹೆಬ್ಬಳ್ಳಿ ಸಾಲ್ಯಾಗ
ಪಾಳೇಕ ನಿಂತಿದ್ದೆ, ಖಾಕಿ ಅಂಗಿ ಚೀಲದಾಗಿಟ್ಟು.
ನನ್ನ ಮುಂದ ಐದನೇದಾಂವ
ನಮ್ಮಕ್ಕ ನೀಲವ್ವನ ಗಂಡ.
ಇಸ್ತ್ರಿ ಅಂಗಿ, ಕೈಯಾಗ ಚೀಟಿ,
ಕೊರಳಾಗ ಆಕಿ ಮಾಡಿಸಿಕೊಟ್ಟ ಬೆಳ್ಳಿ ಕರಡಿಗಿ.

ಆಕಿ ಬಾವಿಗೆ ಬಿದ್ದು ನಾಕು ವರ್ಷ.
ಬಿದ್ದಳು ಅಂತಾನ ಅಂವ. ದೂಡಿದ ಅಂತೀವಿ ನಾವು.
ಮುಂದಿನ ತಾರೀಖು ಅಂತೈತಿ ಕೋರ್ಟು.
ಇಪ್ಪತ್ತು ದಿನ ಒಳಗಿದ್ದ.
ಹನ್ನೆರಡೆಕರೆ ಎರಿಹೊಲದ ಪಹಣಿ ತಂದು
ಚಿಗವ್ವನ ಮಗ ಬಿಡಿಸಿಕೊಂಡು ಹೋದ.

ಅಂವ ಒತ್ತಿದ, ಯಂತ್ರ ಕೂಗಿತು.
ಹೊರಗ ಬಂದು ಬೆರಳಿನ ಮಸಿ ಊದಿಕೊಂಡ.
ನಾ ಒತ್ತಿದಾಗೂ ಅದಽ ಕೂಗು,
ಗುಂಜಿಯಷ್ಟು ಹೆಚ್ಚಿಲ್ಲ, ಕಡಿಮಿಲ್ಲ.

ಹತ್ತಕ್ಕ ಧಾರವಾಡ ಜೈಲಿನ ಡ್ಯೂಟಿ.
ಬ್ಯಾರಕಿನ ಕೀಲಿ ತಗಿಯೂವಾಗ
ಮಾಬೂಸಾಬ ನದಾಫ ನನ್ನ ಬೆರಳು ನೋಡಿದ.
ಅಮರಗೋಳ ಮಾರ್ಕೆಟಿನ ಹಮಾಲ,
ಮೂರು ಚೀಲ ಬ್ಯಾಡಗಿ ಮೆಣಸಿನಕಾಯಿ ಕದ್ದಾನಂತ.
ಜಾಮೀನು ಸಿಕ್ಕು ಹದಿನಾಕು ತಿಂಗಳಾತು,
ಕಾಗದದಾಗ.
ಪಹಣಿ ತರೋರು ಸಿಕ್ಕಿಲ್ಲ.
ಹೆಂಡತಿ ಬೆಂಗೇರ್ಯಾಗ ಧ್ವಜ ಹೊಲಿತಾಳ;
ಒಂದು ಹೊಲಿಗಿ ಸೊಟ್ಟಾದ್ರ ಬಿಚ್ಚಿಸ್ತಾರಂತ.

"ಹಾಕಿ ಬಂದ್ರಿ, ಸಾಹೇಬ್ರ?"
"ಹ್ಞೂಂ."
"ಲಿಸ್ಟಿನ್ಯಾಗ ನನ್ನ ಹೆಸರೈತಂತ್ರಿ, ಫೋಟೋ ಸಹಿತ.
ಹಂಗಾರ ನಾ ಅಲ್ಲಿ ಅದೀನೇನ್ರಿ?"

ಏನು ಹೇಳ್ಲಿ?
ಒಳಗಿದ್ದಾಂವ ಹಾಕಂಗಿಲ್ಲ.
ಶಿಕ್ಷಾ ಆದಾಂವ, ಆಗದಾಂವ,
ಕಾಯ್ದೆಕ್ಕ ಕಂಬಿ ಅಂದ್ರ ಕಂಬಿ.
ಆರನೇ ಬ್ಯಾರಕಿನ ಸೈಟಿನ ಸಾಹುಕಾರ
ಹೋದ ಸಲ ಇಲ್ಲಿಂದಽ ನಾಮಪತ್ರ ಕಳಿಸಿದ್ದ.
ಎಲೆಕ್ಷನ್ನಿಗೆ ನಿಂದರಬಹುದಂತ,
ತನಗ ತಾನು ಹಾಕ್ಕೊಳ್ಳಾಕ ಬರಂಗಿಲ್ಲಂತ.
ಅವತ್ತು ಕೈದಿಗಳು ನಾವು ಕೂಡೇ ನಕ್ಕಿದ್ವಿ.

ಬೆಂಡಿ ಗಿಡಕ್ಕ ನೀರು ಬಿಡತಿದ್ದ ಹೊಳಬಸಪ್ಪಜ್ಜ
ತಲಿ ಎತ್ತದಽ ಅಂದ:
"ನನಗಂತೂ ಬ್ಯಾಡ.
ತಮ್ಮನ್ನ ಕಡದ ಕೈ ಇದು. ಅವನ ಓಟು ಕಸಗೊಂಡು
ನಂದು ಕೊಡ್ರಿ ಅಂತ ಹೆಂಗ ಕೇಳಲಿ?"
ಇನ್ನೊಂದು ಮಡಿ ತುಂಬೋತನಾ ಸುಮ್ಮನಿದ್ದ.
"ಆದ್ರೂ, ನಾಯಿ ಸತ್ತ ಮನಿಗೂ ಹೋಗಿ ಅಳತಾರ ಓಟಿಗೆ.
ಇಲ್ಲಿ ಕರಿಯಪ್ಪ ಎದಿ ಹಿಡಕೊಂಡು ಸತ್ತ ರಾತ್ರಿ
ಡಾಕ್ಟರ್ ಯಾಕಿರಲಿಲ್ಲಂತ
ಕೇಳಾಕ ಯಾವ ಮಗನೂ ಬರಲಿಲ್ಲ."

ನನಗ ಸಿಟ್ಟು ಯಾರ ಮ್ಯಾಲ ಅಂತ ತಿಳೀಲಿಲ್ಲ.
ಅಕ್ಕನ ಗಂಡ ಇಲ್ಲಿರಬೇಕಿತ್ತು,
ನಾನಽ ಕೀಲಿ ಹಾಕಬೇಕಿತ್ತು—
ಎಷ್ಟು ರಾತ್ರಿ ಈ ಕನಸು!
ಕನಸಿನ್ಯಾಗ ಅವನ ನಿದ್ದಿ ಕಸಗೊಂಡೀನಿ,
ತಾಟಿನ್ಯಾಗಿನ ರೊಟ್ಟಿ ಕಸಗೊಂಡೀನಿ,
ಒಮ್ಮೆ ಉಸಿರೂ.
ಓಟು ಕಸಗೋಬೇಕಂತ ನೆನಪಽ ಆಗಿಲ್ಲ.

ಮಾಬೂಸಾಬ ಬಂದ ದಿನ
ಅವನ ಹತ್ತೂ ಬೆರಳಿಗೆ ಮಸಿ ಹಚ್ಚಿದಾಂವ ನಾನು.
ಒಂದೊಂದಽ ಹಿಡದು, ಹೊರಳಿಸಿ, ಒತ್ತಿ.
ಉಗುರಾಗ ಇನ್ನೂ ಮೆಣಸಿನ ಘಾಟಿತ್ತು, ಸೀನಿದ್ದೆ.
"ಮಾಫ್ ಮಾಡ್ರಿ" ಅಂದಿದ್ದ ಅಂವ.

ಆರಕ್ಕ ಹೊರಗ ಓಟು ಮುಗೀತು.
ಆರಕ್ಕ ಒಳಗ ಎಣಿಕಿ.
ದಿನಾ ಎಣಸ್ತೀವಿ ಇವರನ್ನ, ಹೊತ್ತು ಹುಟ್ಟಿದಾಗ, ಮುಳುಗಿದಾಗ;
ಒಬ್ಬಾಂವ ಕಡಿಮಿ ಬಿದ್ರ ಇಡೀ ಊರಿಗೆ ಸೈರನ್.
ಬಲಗೈಯಾಗ ಲಾಠಿ,
ಎಡಗೈ ಬೆರಳು ಮುಂದ ಮಾಡಿ ಹೊಂಟೆ:
ಮೂವತ್ತೊಂದು, ಮೂವತ್ತೆರಡು...
ಮಾಬೂಸಾಬನ ಎದುರಿಗೆ ಬಂದಾಗ
ಯಾಕೋ ಆ ಬೆರಳು ಮಡಚಿದೆ.

ಎಣಿಕಿ ತಪ್ಪಿತು.
"ಏ, ಏನಾತೋ?" ಜೇಲರ್ ಒದರಿದ.
"ಮತ್ತ ಮೊದಲಿಂದ್ರಿ" ಅಂದೆ.